ಒಂದೇ ಹಕ್ಕುಪತ್ರದ ಊರು

ದೊಡ್ಡಬಳ್ಳಾಪುರದಿಂದ ದೇವನಹಳ್ಳಿಯ ಬಸ್ಸು ಹೊರಟಾಗ ಎಂಟೂಕಾಲು. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟ. ಹಿಂದಿನ ದಿನದ ಮಳೆಗೆ ರಸ್ತೆ ಇನ್ನೂ ಒದ್ದೆಯಾಗಿತ್ತು. ನನ್ನ ಚೀಲದಲ್ಲಿ ಒಂದು ಪೆನ್ನು, ನಾಲ್ಕು ಬಿಳಿ ಹಾಳೆ, ಚಿಕ್ಕಮ್ಮನಿಗೆಂದು ಕೊಂಡ ಅರ್ಧ ಕೆಜಿ ದ್ರಾಕ್ಷಿ ಇದ್ದವು. ನಾನು ಸಾಕ್ಷಿ ಬರೆದುಕೊಡಲು ಹೊರಟಿದ್ದೆ.

ಚಿಕ್ಕಮ್ಮ ಮುನಿತಾಯಮ್ಮನ ಊರನ್ನು ವಿಮಾನ ನಿಲ್ದಾಣಕ್ಕಾಗಿ ಎಬ್ಬಿಸಿದಾಗ ನಾನು ನಾಲ್ಕನೇ ಕ್ಲಾಸು. ಹೊಸ ಕಾಲೊನಿಯಲ್ಲಿ ಮನೆಗೊಂದು ಸೈಟು ಕೊಟ್ಟರು. ಅವಳು ಅದರಲ್ಲಿ ಮನೆ ಕಟ್ಟಿ ಬದುಕಿದಳು. ಆದರೆ ಸೈಟಿನ ಹಕ್ಕುಪತ್ರ ಅವಳ ಬಳಿ ಇಲ್ಲ. ಪತ್ರವಿಲ್ಲದ ಮನೆಗಳನ್ನು ಒತ್ತುವರಿ ಎಂದು ತೆರವು ಮಾಡುವುದಾಗಿ ಹೋದ ತಿಂಗಳು ನೋಟಿಸು ಬಂದಿತ್ತು. ಈ ದಿನ ಪುನರ್ವಸತಿ ಖಾತೆಯ ಮಂತ್ರಿ ಅಹವಾಲು ಕೇಳಲು ಬರುವವರಿದ್ದರು. ಸೈಟು ಹಂಚಿದ ದಿನ ಪತ್ರ ಕೊಟ್ಟದ್ದನ್ನು ಕಂಡವರ ಹೇಳಿಕೆ ಅರ್ಜಿಯ ಜೊತೆಗಿರಬೇಕಿತ್ತು.

ಕಂಡವಳು ನಾನು. ವೇದಿಕೆ, ಚೆಂಡುಹೂವಿನ ಹಾರ, ಕಪ್ಪು ಕನ್ನಡಕದ ಮಂತ್ರಿ, ಓದು ಬಾರದ ಚಿಕ್ಕಮ್ಮನ ಕೈಯಲ್ಲಿ ಪತ್ರ, ಪಕ್ಕದಲ್ಲಿ ನಿಂತು ಅವಳ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ ನಾನು. ಕಾಲೇಜಿನ ದಿನಗಳಲ್ಲಿ ಇದನ್ನು ಎಷ್ಟು ಸಲ ಗೆಳತಿಯರಿಗೆ ಹೇಳಿದ್ದೇನೋ. ಹೇಳಿ ಹೇಳಿ ನುಣುಪಾದ ನೆನಪಿನ ಮೇಲೆ ನನಗೆ ಈಗ ನಂಬಿಕೆ ಕಡಿಮೆ.

ದೇವನಹಳ್ಳಿಯಲ್ಲಿ ಎರಡು ಇಡ್ಲಿ ತಿಂದು ಆಟೊ ಹಿಡಿದೆ. ಮಂತ್ರಿ ಬರುತ್ತಾರೆ ಎಂದಾಗ ಡ್ರೈವರ್ ನಕ್ಕ. "ಅಲ್ಲಿಗ್ ಬರೋ ಮಿನಿಷ್ಟ್ರುಗಳೆಲ್ಲಾ ಒಂದು ಕಲ್ಲು ಹಾಕ್ಬಿಟ್ಟು ಹೋಗೋರೇ, ಮೇಡಂ."

ಕಾಲೊನಿಯ ಬಾಗಿಲಲ್ಲೇ ಮೂರು ಕಲ್ಲುಗಳಿದ್ದವು. ಮೂರರ ಮೇಲೂ ಸನ್ಮಾನ್ಯ ಸಚಿವರ ಹೆಸರು. ಒಂದೊಂದರಲ್ಲಿ ಇಲಾಖೆಗೆ ಒಂದೊಂದು ಹೆಸರು. ಊರಿನವರು ಹೇಳುವಂತೆ ಮೊದಲನೆಯವರು ಎಲ್ಲರಿಗೂ ಕೈ ಮುಗಿದರು, ಎರಡನೆಯವರು ಮೈಕಿನ ಮುಂದೆ ಅತ್ತರು, ಮೂರನೆಯವರು ಕಾರಿನಿಂದ ಇಳಿಯಲೇ ಇಲ್ಲ. ಎರಡನೆಯವರ ಕಲ್ಲಿಗೆ ಯಾರೋ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು.

"ಬಂದ್ಯೇನಮ್ಮಾ? ಬಾ, ಬೇಗ ಬರಿ," ಎಂದು ಚಿಕ್ಕಮ್ಮ ಚಾಪೆ ಹಾಸಿದಳು. ಆ ದಿನದ ಫೋಟೋ ಇದೆಯೇ ಎಂದು ಕೇಳಿದೆ. ಎದುರುಮನೆಯ ಚನ್ನಪ್ಪ, ಮಂತ್ರಿಯಿಂದ ಪತ್ರ ಪಡೆಯುವ ಮೂರು ಫೋಟೋ ತಂದರು: ಒಂದು ಅವರದು, ಒಂದು ಚಿಕ್ಕಮ್ಮನದು, ಇನ್ನೊಂದು ಅವರ ಅಣ್ಣನದು. ಚಿಕ್ಕಮ್ಮನ ಫೋಟೋದಲ್ಲಿ ನಾನಿರಲಿಲ್ಲ. ಅಂಚಿನಲ್ಲಿ ಒಂದು ಮಗುವಿನ ಮೊಣಕೈ ಮಾತ್ರ ಇತ್ತು. ಮತ್ತೆ ನೋಡಿದೆ. ಮೂರರಲ್ಲೂ ಪತ್ರದ ಎಡಮೂಲೆ ಒಂದೇ ರೀತಿ ಹರಿದಿತ್ತು.

"ಇದೇನಣ್ಣ, ಮೂರೂ ಹಿಂಗೇ ಹರಿದಿದೆ?"

"ಇದ್ದಿದ್ದೇ ಒಂದು ಕಣಮ್ಮ. ಫೋಟೋ ಆಗ್ತಿದ್ದಂಗೆ ಗುಮಾಸ್ತ ಹಿಂದಿಂದ ಈಸ್ಕಂಡು ಮುಂದಿನೋರ್ಗೆ ಕೊಡೋನು. ಊರ್ಗೆಲ್ಲಾ ಸೇರಿ ಒಂದೇ ಹಕ್ಕುಪತ್ರ!" ಚನ್ನಪ್ಪ ನಕ್ಕು, ತಟ್ಟನೆ ನಿಲ್ಲಿಸಿದರು. "ಸೀಲ್ ಹಾಕಿ ಮನೆಗ್ ಕಳಿಸ್ತೀವಿ ಅಂದ್ರು. ನಾವು ತಾಲ್ಲೂಕಾಫೀಸಿಗೆ ಅಲೆದೂ ಅಲೆದೂ ಈಸ್ಕಂಡ್ವಿ. ಇವಳು ಬಾ ಅಂದ್ರೂ ಬರ್ಲಿಲ್ಲ. ನನ್ ಹೆಸರ್ಗೆ ಆಗೋಗೈತೆ, ಮಗು ಓದೈತೆ ಅಂತ ಕೂತ್ಬಿಟ್ಲು."

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. "ನನ್ ಹೆಸರಿತ್ತು ತಾನೇ? ನೀನೇ ಓದ್ದಲ್ಲ. ಅದನ್ನೇ ಬರಿ."

ಪತ್ರದ ಅಕ್ಷರಗಳನ್ನು ನೆನಪಿಸಿಕೊಳ್ಳಲು ಯತ್ನಿಸಿದೆ. ಒಂದೂ ಬರಲಿಲ್ಲ. ನೆನಪಾದದ್ದು ನನ್ನತ್ತ ಬಗ್ಗಿದ ಅವಳ ಮುಖ, "ನನ್ ಹೆಸರೈತಾ?" ಎಂಬ ಪಿಸುಮಾತು, ಆ ಮುಖಕ್ಕೆ ಇಲ್ಲ ಎನ್ನಲಾಗದ ನಾನು. ಇದೂ ಈಗಷ್ಟೇ ಕಟ್ಟಿಕೊಂಡ ನೆನಪಿರಬಹುದೇ? ಗೊತ್ತಿಲ್ಲ.

"ಬರೆಯೋಕಾಗಲ್ಲ ಚಿಕ್ಕಮ್ಮ. ಒಂದೇ ಪತ್ರ ಎಲ್ಲರ ಕೈಗೂ ಹೋಗಿದ್ರೆ ಅದರಲ್ಲಿ ನಿನ್ ಹೆಸರು ಹೆಂಗಿರುತ್ತೆ? ನಿಂಗೆ ಖುಷಿ ಆಗ್ಲಿ ಅಂತ ಸುಳ್ಳು ಓದಿರ್ಬೇಕು."

ಅವಳು ನಾನು ತಂದಿದ್ದ ದ್ರಾಕ್ಷಿಯ ಪೊಟ್ಟಣವನ್ನು ನನ್ನ ಕಡೆಗೆ ತಳ್ಳಿದಳು.

"ಅವತ್ತೇ ಇಲ್ಲ ಅಂದಿದ್ರೆ ಆ ಗುಮಾಸ್ತನ ಕೈ ಬಿಡ್ತಿದ್ನೇನೇ ನಾನು?"

ಚೀಲದಿಂದ ಹಾಳೆ ತೆಗೆದೆ. ಖಾತ್ರಿಯಿದ್ದುದನ್ನಷ್ಟೇ ಬರೆದೆ: ಮಂತ್ರಿ ಪತ್ರ ಕೈಗಿಟ್ಟರು, ಫೋಟೋ ತೆಗೆದರು, ಫೋಟೋಗಳ ಪ್ರಕಾರ ಅದೇ ಪತ್ರ ಬೇರೆಯವರಿಗೂ ಹೋಯಿತು, ಅದರಲ್ಲಿ ಅವಳ ಹೆಸರಿತ್ತೆಂದು ನಾನು ಹೇಳಲಾರೆ, ಅವಳು ಇಲ್ಲೇ ಮನೆ ಕಟ್ಟಿ ಬದುಕಿದ್ದಾಳೆ. ಗಟ್ಟಿಯಾಗಿ ಓದಿ ಹೇಳಿದೆ. ಚಿಕ್ಕಮ್ಮ ಇನ್ನೊಮ್ಮೆ ಓದಿಸಿ, ಅರ್ಜಿಗೆ ಹೆಬ್ಬೆಟ್ಟು ಒತ್ತಿದಳು. ಚನ್ನಪ್ಪ ಮೂರೂ ಫೋಟೋ ಲಗತ್ತಿಸಿ, ನನ್ನ ಹೇಳಿಕೆಯ ಕೆಳಗೆ ತಾವೂ ಸಹಿ ಹಾಕಿದರು. ಎಲ್ಲದರ ಜೆರಾಕ್ಸ್ ಮಾಡಿಸಿಕೊಂಡು ಬಂದೆ.

ಮಂತ್ರಿ ಬಂದಾಗ ಒಂದೂವರೆ. ಶಾಮಿಯಾನದ ಕೆಳಗೆ ಹತ್ತು ನಿಮಿಷ ಕೂತರು. ಚಿಕ್ಕಮ್ಮನ ಸರದಿ ಬಂದಾಗ ಅರ್ಜಿ ಮುಟ್ಟಿ, "ನೋಡೋಣಮ್ಮ," ಎಂದರು. ಪಕ್ಕದ ಅಧಿಕಾರಿ ಅದನ್ನು ತೆಗೆದುಕೊಳ್ಳಲು ಕೈ ಚಾಚಿದರು. ಚಿಕ್ಕಮ್ಮ ಬಿಡಲಿಲ್ಲ.

"ಮೊದ್ಲು ಈ ಜೆರಾಕ್ಸ್ ಮೇಲೆ ಸೀಲ್ ಹಾಕಿ ಕೊಡಿ ಸ್ವಾಮಿ. ಆಮೇಲೆ ಅದು."

"ಆಫೀಸಿಗೆ ಬಾಮ್ಮ, ಹಾಕ್ಕೊಡ್ತೀವಿ."

"ಹಂಗಂದೋರು ಹೋಗಿ ಎಷ್ಟೋ ವರ್ಷ ಆಯ್ತು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಂತ್ರಿ ತಲೆಯಾಡಿಸಿದರು. ಜೀಪಿನಿಂದ ಮೊಹರು ಬಂತು.

ಬಸ್ ಸ್ಟಾಪಿನವರೆಗೂ ಅವಳು ನನ್ನ ಜೊತೆ ಬಂದಳು. ಬಸ್ಸು ದೂರದಲ್ಲಿ ಕಂಡಾಗ ಹಾಳೆಯನ್ನು ನನ್ನ ಮುಂದೆ ಹಿಡಿದಳು. "ಸೀಲ್‌ನಾಗ್ ಏನೈತೆ, ಓದು."

"ಸ್ವೀಕರಿಸಲಾಗಿದೆ. ಇವತ್ತಿನ ತಾರೀಖು."

"ಮನೆ ನಂದು ಅಂತ?"

"ಇಲ್ಲ ಚಿಕ್ಕಮ್ಮ."

ಅವಳು ಹಾಳೆಯನ್ನು ಮಡಚಿ ರವಿಕೆಯೊಳಗಿಟ್ಟುಕೊಂಡಳು. "ಸರಿ, ಬಸ್ ಹತ್ತು. ನಾಳೆಯಿಂದ ನಾನೇ ಅಲೀತೀನಿ."

ಬಸ್ಸಿನ ಹಿಂದಿನ ಗಾಜಿನಿಂದ ನೋಡಿದೆ. ಅವಳು ಆ ಮೂರು ಕಲ್ಲುಗಳನ್ನು ದಾಟಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಮನೆಯತ್ತ ಬೇಗಬೇಗ ನಡೆಯುತ್ತಿದ್ದಳು.