ಉಗುರು ನಾಟುವ ಗುಂಡು

ಹಮ್ಮಿಗಿಯ ಕರಿಯವ್ವನಿಗೆ ಬಂದೂಕು ಹಿಡಿಯುವ ಪ್ರಸಂಗ ಬಂದದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವಳ ಕೈಯಲ್ಲಿದ್ದ ಹರಿತವಾದ ವಸ್ತುವೆಂದರೆ ಕುಡುಗೋಲು ಒಂದೇ. ನಾಲಿಗೆಯನ್ನೂ ಲೆಕ್ಕಕ್ಕೆ ಹಿಡಿದರೆ ಎರಡು ಎಂದು ಊರಿನವರು ನಗುತ್ತಿದ್ದರು. ಅದೇ ಜನ ಈಗ ಕಟ್ಟೆಯ ಮೇಲೆ ಕೂತು, ಗಂಡ ಸತ್ತ ಹೆಣ್ಣುಮಗಳು ಬಂದೂಕು ಇಟ್ಟುಕೊಂಡು ಏನು ಮಾಡುತ್ತಾಳೆ ಎಂದು ಮಾತಾಡತೊಡಗಿದರು. ಕಟ್ಟೆಯ ಮೇಲೆ ಕೂತವರಿಗೆ ಬೇರೆ ಕೆಲಸವಾದರೂ ಏನಿರುತ್ತದೆ.

ಬಂದೂಕು ಅವಳ ಗಂಡ ಹುಲಗಪ್ಪನದು, ಅವನಿಗೆ ಅವನಪ್ಪನಿಂದ ಬಂದದ್ದು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಸಲಾಕೆಯಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಿ ಹಾರಿಸುವ ಹಳೆಯ ನಾಡಬಂದೂಕು. ಬೆಳೆ ಕಾಯಲೆಂದು ಸರ್ಕಾರ ಪರವಾನಗಿ ಕೊಟ್ಟಿತ್ತು. ಹೊಳೆಯ ದಂಡೆಯಲ್ಲಿ ಅವರದು ಮೂರು ಎಕರೆ. ಅದರಾಚೆ ಹಿನ್ನೀರಿನ ಅಂಚಿಗೆ ಬೆಳೆದ ಜಾಲಿಕಂಟಿಯಲ್ಲಿ ಹಂದಿಗಳ ಸಂಸಾರ. ಹುಲಗಪ್ಪ ಒಂದು ಹಂದಿಯನ್ನೂ ಹೊಡೆದವನಲ್ಲ. ಬದುವಿನ ಪಕ್ಕದ ಮಣ್ಣಿನ ದಿಬ್ಬಕ್ಕೆ ಒಂದು ಗುಂಡು ಹಾರಿಸಿದರೆ ಎಂಟು ದಿನ ಅವು ಈ ಕಡೆ ಮೂತಿ ಹಾಕುತ್ತಿರಲಿಲ್ಲ. ಹೋದ ವರ್ಷ ಅವನು ಎದೆನೋವಿನಿಂದ ತೀರಿಕೊಂಡ. ಬಂದೂಕು ಠಾಣೆಯಲ್ಲಿ ಜಮಾ ಆಯಿತು, ಆ ವರ್ಷದ ಗೋವಿನಜೋಳದಲ್ಲಿ ಅರ್ಧಕ್ಕರ್ಧ ಹಂದಿಗಳ ಪಾಲಾಯಿತು.

ಮೈದುನ ಹೊನ್ನೇಶ ಕೆಟ್ಟವನೇನಲ್ಲ. ತನಗೆ ಅನುಕೂಲವಾಗುವುದೆಲ್ಲ ಎಲ್ಲರಿಗೂ ಒಳ್ಳೆಯದು ಎಂದು ಮನಸಾರೆ ನಂಬಿದ ಮನುಷ್ಯ, ಅಷ್ಟೇ. ಅವನು ಒಂದು ಮುಂಜಾನೆ ಬಂದು ಕೂತು ತನ್ನ ಮಗನ ಮಾತೆತ್ತಿದ: "ವೈನಿ, ಬಂದೂಕ ನಮ್ಮ ಸುದೀಪನ ಹೆಸರಿಗೆ ಮಾಡಿಸೂಣು. ಹೊಲಾನೂ ಅವನ ನೋಡಿಕೊಳ್ಳಲಿ. ನಿಮ್ಮ ಪಾಲು ಮನಿಗೆ ಬರತೈತಿ, ನೀವು ಆರಾಮ ಕುಂಡ್ರಿ."

ಮನೆಗೆ ಬರುವ ಪಾಲು ಎಂಥದು ಎಂದು ಕರಿಯವ್ವ ಬಲ್ಲಳು. ಮೊದಲ ವರ್ಷ ಅದು ಚೀಲದಲ್ಲಿ ಬರುತ್ತದೆ, ಎರಡನೆಯ ವರ್ಷ ಪುಟ್ಟಿಯಲ್ಲಿ, ಮೂರನೆಯ ವರ್ಷ ಮಾತಿನಲ್ಲಿ. ಹೊಲ ಕಾಯುವವರದೇ ಹೊಲ. ಬಂದೂಕು ಯಾರ ಕೈಯಲ್ಲೋ ಕಾವಲು ಅವರದು. "ಆರಾಮ ಕುಂಡ್ರಾಕ ನನಗೇನಾಗೇತಿ?" ಎಂದು ಕೇಳಿದಳು.

ಅವಳು ತನ್ನ ಹೆಸರಿಗೇ ಅರ್ಜಿ ಹಾಕಿದಳು. ಗದಗಿನ ಅಧಿಕಾರಿಗಳು ನಿಯಮ ಹೇಳಿದರು. ಮೂರು ರವಿವಾರ ತರಬೇತಿ. ಕೊನೆಯ ರವಿವಾರ ನಲವತ್ತು ಹೆಜ್ಜೆಯಿಂದ ಐದು ಗುಂಡು. ರೊಟ್ಟಿಯಗಲದ ಕಪ್ಪು ಗುರಿಯಲ್ಲಿ ಮೂರಾದರೂ ಬೀಳಬೇಕು. ತಾನು ಹಾರಿಸಿದ ಗುಂಡು ಎಲ್ಲಿಗೆ ಹೋಗುತ್ತದೆಂದು ತಿಳಿಯದವರಿಗೆ, ಹೆದರಿಸಲಿಕ್ಕೂ ಬಂದೂಕು ಕೊಡುವುದಿಲ್ಲ. ಜೊತೆಗೆ, ಬಂದೂಕು ಮಾವನ ಕಾಲದ್ದಾದ್ದರಿಂದ ಮೈದುನ ತಕರಾರಿಲ್ಲವೆಂದು ಸಹಿ ಮಾಡಬೇಕು. ಹೊನ್ನೇಶ ಧಾರಾಳವಾಗಿ ಒಪ್ಪಿದ: ವೈನಿ ಮೂರು ಹೊಡೆದರೆ ತಾನು ಸಹಿ ಮಾಡುತ್ತೇನೆ, ಇಲ್ಲದಿದ್ದರೆ ಸುದೀಪನ ಅರ್ಜಿಗೆ ಅವಳು ಸಹಿ ಮಾಡಬೇಕು. ಕರಿಯವ್ವನೂ ಒಪ್ಪಿದಳು. ಅಂದೇ ಹೊನ್ನೇಶ ಸುದೀಪನ ಹೆಸರಿನ ಅರ್ಜಿ ತುಂಬಿಸಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ಗುಂಡನ್ನು ಅವರವರೇ ತರಬೇಕಿತ್ತು. ನಾಡಬಂದೂಕುಗಳ ಬಾಯಿ ಒಂದೊಂದೂ ಒಂದೊಂದು ಅಳತೆ, ಅಂಗಡಿಯಲ್ಲಿ ಸಿಗುವ ಮಾತೇ ಇಲ್ಲ. ಪ್ರತಿ ಬಂದೂಕಿನ ಜೊತೆಗೂ ಅದರದೇ ಅಚ್ಚು ಇರುತ್ತದೆ. ಇಕ್ಕಳದಂತೆ ಬಾಯಿ ತೆರೆಯುವ ಕಬ್ಬಿಣದ ಅಚ್ಚು. ಅದು ಮನೆಯಲ್ಲೇ ಇತ್ತು. ಸೀಸವೂ ಇತ್ತು, ಅಟ್ಟದ ಮೇಲೆ ಒಂದು ಚೀಲ.

ಆ ಚೀಲದ ಕಥೆ ಹೀಗೆ. ಹುಲಗಪ್ಪ ಇಪ್ಪತ್ತು ವರ್ಷ ಗದಗಿನ ಪ್ರೆಸ್ಸಿನಲ್ಲಿ ಕಂಪೋಜಿಟರ್ ಆಗಿದ್ದ. ಲಗ್ನಪತ್ರಿಕೆ, ಪಂಚಾಂಗ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲಕ್ಕೂ ಒಂದೊಂದೇ ಸೀಸದ ಅಕ್ಷರಮೊಳೆ ಆರಿಸಿ ಜೋಡಿಸಿದವನು. ಕಂಪ್ಯೂಟರು ಬಂದು ಮೊಳೆಯ ಕೆಲಸ ನಿಂತಾಗ ಮಾಲೀಕರು ಒಂದು ಚೀಲ ಮೊಳೆ ಕೊಟ್ಟು ಕಳಿಸಿದರು. ಕರಿಯವ್ವ ಓದು ಕಲಿತದ್ದೂ ಅವನು ತಂದು ತೋರಿಸುತ್ತಿದ್ದ ಮೊಳೆಗಳಿಂದಲೇ. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುವುದರಿಂದ ಮದುವೆಯಾದ ಎರಡು ವರ್ಷ ಅವಳಿಗೆ ಉಲ್ಟಾ ಅಕ್ಷರ ಮಾತ್ರ ಓದಲು ಬರುತ್ತಿತ್ತು, ಬಸ್ಸಿನ ಬೋರ್ಡು ಓದಲು ಬರುತ್ತಿರಲಿಲ್ಲ. ಹುಲಗಪ್ಪ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದ.

ಗುಂಡಿಗಲ್ಲದೆ ಮತ್ತೆ ಯಾತಕ್ಕೆ ಇಟ್ಟಿದ್ದ ಎಂದುಕೊಂಡು ಕರಿಯವ್ವ ಚೀಲ ಇಳಿಸಿದಳು. ಅಂಗಳದಲ್ಲಿ ಒಲೆ ಹೂಡಿ, ಕಬ್ಬಿಣದ ಬಾಣಲೆಯಲ್ಲಿ ಮೊಳೆ ಸುರಿದು ಕರಗಿಸಿದಳು. ಸೌಟಿನಿಂದ ಅಚ್ಚಿಗೆ ಹೊಯ್ದು, ಆರಿಸಿ, ತೆರೆದರೆ ಗುಂಡು ಬೆಳ್ಳಿಯಂತೆ ಹೊಳೆಯಿತು. ಗಂಡ ಮಾಡುತ್ತಿದ್ದ ಗುಂಡುಗಳು ಮಂಕಾಗಿ ಬೂದಿಬಣ್ಣದಲ್ಲಿರುತ್ತಿದ್ದವು. ತನ್ನ ಕೈಗುಣ ಅವನಿಗಿಂತ ಮೇಲು ಎಂದು ಅವಳಿಗೆ ಸಣ್ಣ ಜಂಬವೂ ಬಂತು. ಅರ್ಧ ಚೀಲ ಕರಗಿಸಿ ನೂರಕ್ಕೆ ಹತ್ತಿರ ಗುಂಡು ಮಾಡಿದಳು.

ತರಬೇತಿಯ ಜಾಗ ಬೆಟಗೇರಿಯ ಆಚೆ, ಗುಡ್ಡದ ಮಗ್ಗುಲು ಕಡಿದು ಮಾಡಿದ ಬಯಲು. ಗುರಿಯ ಹಿಂದೆ ಕೆಂಪು ಮಣ್ಣಿನ ಎತ್ತರದ ಗೋಡೆ. ಕಲಿಸುವವರು ಅತಾವುಲ್ಲಾ ಸಾಹೇಬರು. ಪೊಲೀಸ್ ಖಾತೆಯಲ್ಲಿ ಮೂವತ್ತು ವರ್ಷ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಠಾಣೆಯಿಂದ ಬಂದೂಕು ಅವರ ಕೈಗೇ ಬರುತ್ತಿತ್ತು, ಮದ್ದು ಅಳೆದು ಕೊಡುವವರೂ ಅವರೇ. ಕರಿಯವ್ವ ಹಮ್ಮಿಗಿಯಿಂದ ಮೊದಲ ಬಸ್ಸಿಗೆ ಹೊರಟು, ಮುಂಡರಗಿಯಲ್ಲಿ ಇಳಿದು ಗದಗಿನ ಬಸ್ಸು ಹಿಡಿದು, ಸೆರಗು ಬಿಗಿದು ನಿಂತಳು. ಹೊನ್ನೇಶ ಮತ್ತು ಸುದೀಪ ಹಿಂದೆಯೇ ಬಂದಿದ್ದರು. ಸಹಾಯಕ್ಕೆ ಎಂದು ಹೇಳಿದರು. ನೋಡಲಿಕ್ಕೆ ಎಂದು ಮುಖವೇ ಹೇಳುತ್ತಿತ್ತು.

ಮೊದಲ ರವಿವಾರ ಗುಂಡು ನಳಿಗೆಯಲ್ಲಿ ಇಳಿಯಲೇ ಇಲ್ಲ. ಬೇಸಾಯದ ಕೈ, ಸುಮ್ಮನೆ ಬಿಡುತ್ತದೆಯೆ? ಮರದ ತುಂಡು ತಗೊಂಡು ಸಲಾಕೆಯ ಮೇಲೆ ಬಡಿಯಲು ಹೋದಳು. ಅತಾವುಲ್ಲಾ ಸಾಹೇಬರು ಕೈ ಹಿಡಿದು ನಿಲ್ಲಿಸಿದರು. ಗುಂಡು ನಡುವೆ ಸಿಕ್ಕಿಕೊಂಡು ಮದ್ದಿನ ಮೇಲೆ ಖಾಲಿ ಜಾಗ ಉಳಿದರೆ ನಳಿಗೆಯೇ ಒಡೆದು ಮುಖಕ್ಕೆ ಬರುತ್ತದೆ ಎಂದು ತಿಳಿಹೇಳಿದರು. ಸಿಕ್ಕಿದ್ದನ್ನು ಬಿಡಿಸಿ ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಆಮೇಲೆ ಹೇಗೋ ಇಳಿದ ಮೂರು ಗುಂಡುಗಳಲ್ಲಿ ಒಂದೂ ಕಾಗದವನ್ನು ಕೂಡ ಮುಟ್ಟಲಿಲ್ಲ. ಸುದೀಪ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡ.

ಆ ವಾರವಿಡೀ ಅವಳ ತಲೆಯಲ್ಲಿ ಅದೊಂದೇ. ಅಚ್ಚಿನ ಗೆರೆ ಎದ್ದು ಕಂಡ ಗುಂಡುಗಳನ್ನೆಲ್ಲ ತೆಗೆದುಹಾಕಿದಳು. ದಪ್ಪ ಬಟ್ಟೆ ಬಿಟ್ಟು ಹುಲಗಪ್ಪನ ಹಳೆಯ ಧೋತರದ ತೆಳು ತುಂಡು ಕತ್ತರಿಸಿಕೊಂಡಳು. ಹಳೆಯ ಕ್ಯಾಲೆಂಡರಿನ ಹಿಂದೆ ಯಾವ ಬಟ್ಟೆ, ಯಾವ ಗುಂಡು, ಎಲ್ಲಿ ಬಿತ್ತು ಎಂದು ಬರೆಯಲು ಚೌಕಮನೆಗಳನ್ನು ಗೀಚಿಕೊಂಡಳು. ಎರಡನೆಯ ರವಿವಾರ ಗುಂಡು ಕಷ್ಟಪಟ್ಟಾದರೂ ಇಳಿಯಿತು. ಐದರಲ್ಲಿ ಒಂದು ಕಾಗದದ ಮೂಲೆಗೆ ಬಡಿಯಿತು, ಉಳಿದವು ತಮಗೆ ತಿಳಿದ ಕಡೆ ಹೋದವು. ಹೊನ್ನೇಶ ಕಿಸೆಯ ಮೇಲೆ ಕೈಯಾಡಿಸಿಕೊಂಡ.

ಅತಾವುಲ್ಲಾ ಸಾಹೇಬರು ಮಾತ್ರ ನಗಲಿಲ್ಲ. ಈಕೆಯ ಕೈ ನಡುಗುವುದಿಲ್ಲ, ಉಸಿರು ಹಿಡಿಯುವುದು ಸರಿಯಿದೆ, ಕಣ್ಣು ಚೊಕ್ಕ ಇದೆ. ಮತ್ತೆ ತಪ್ಪೆಲ್ಲಿ ಎಂದು ಅವರಿಗೇ ಸಮಾಧಾನವಿಲ್ಲ. ಅವಳ ಗುಂಡಿನ ಡಬ್ಬಿಯಿಂದ ಒಂದು ಗುಂಡು ತೆಗೆದು ಹೆಬ್ಬೆರಳಿನ ಉಗುರು ಒತ್ತಿದರು. ಉಗುರು ಜಾರಿತು, ಗುಂಡಿನ ಮೇಲೆ ಗುರುತೇ ಬೀಳಲಿಲ್ಲ.

"ಯವ್ವಾ, ಈ ಸೀಸ ಎಲ್ಲಿಂದ ತಂದಿ?"

"ಪ್ರೆಸ್ಸಿನ ಮೊಳಿ, ಸಾಹೇಬ್ರ. ನನ್ನ ಗಂಡ ಕಂಪೋಜಿಟರ್ ಇದ್ದ."

"ಇದು ಬರೇ ಸೀಸ ಅಲ್ಲವಾ. ಮೊಳಿ ಸವೀಬಾರದಂತ ಬ್ಯಾರೆ ಲೋಹ ಕೂಡಿಸಿರತಾರ. ಆರಿದ ಮ್ಯಾಲೂ ಸೀಸದಂಗ ಕುಗ್ಗಂಗಿಲ್ಲ, ಅದಕ್ಕ ಅಕ್ಷರ ಚೊಕ್ಕ ಮೂಡತಾವ. ಅಕ್ಷರಕ್ಕ ಅದು ಛಲೋ. ಈ ನಳಿಗಿಗೆ ಅದು ದಪ್ಪ ಆಗತೈತಿ, ಬಿರುಸು ಇರೂದಕ್ಕ ನೆಟ್ಟಗೂ ಹೋಗಂಗಿಲ್ಲ. ಈ ಬಂದೂಕಿಗೆ ಮೆತ್ತನ್ನ ಸೀಸ ಬೇಕು, ಉಗುರ ನಾಟಬೇಕು."

ಕರಿಯವ್ವ ಸಾಹೇಬರ ಹೆಬ್ಬೆರಳನ್ನೇ ನೋಡಿದಳು. ಹುಲಗಪ್ಪ ಪ್ರತಿ ಗುಂಡನ್ನೂ ಡಬ್ಬಿಗೆ ಹಾಕುವ ಮುಂಚೆ ಹೆಬ್ಬೆರಳಿನ ಉಗುರು ಒತ್ತುತ್ತಿದ್ದ. ಮೂವತ್ತು ವರ್ಷ ಅದನ್ನು ನೋಡಿದ್ದಳು. ದೃಷ್ಟಿ ತೆಗೆಯುತ್ತಾನೆ ಎಂದುಕೊಂಡಿದ್ದಳು, ಒಮ್ಮೆಯೂ ಕೇಳಿರಲಿಲ್ಲ. ಮುಂಡರಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅವಳಿಗೆ ಅಳು ಬಂತು. ಗುರಿ ತಪ್ಪಿದ್ದಕ್ಕಲ್ಲ. ಆ ಮೊಳೆಯ ಚೀಲವನ್ನು ಅವನು ಗುಂಡಿಗೆಂದು ಇಟ್ಟಿರಲಿಲ್ಲ. ಇಪ್ಪತ್ತು ವರ್ಷ ಕೈಯಲ್ಲಿ ಆಡಿಸಿದ ಅಕ್ಷರಗಳನ್ನು ಬಿಡಲಾರದೆ ಇಟ್ಟುಕೊಂಡಿದ್ದ. ತಾನು ಅದರಲ್ಲಿ ಅರ್ಧ ಕರಗಿಸಿ ಮಣ್ಣಿನ ಗೋಡೆಗೆ ಹೊಡೆಯತೊಡಗಿದ್ದಳು. ಹಿಂದಿನ ಸೀಟಿನಲ್ಲಿ ಹೊನ್ನೇಶ ಇದ್ದುದರಿಂದ ಸದ್ದಾಗದಂತೆ ಅತ್ತಳು.

ಅತ್ತದ್ದು ಮುಂಡರಗಿಯವರೆಗೆ ಮಾತ್ರ. ಇಳಿಯುವಾಗ ಸೆರಗಿನಿಂದ ಮುಖ ಒರೆಸಿಕೊಂಡು, ಹಾಗಾದರೆ ಅವನು ಮೆತ್ತನೆಯ ಸೀಸ ಎಲ್ಲಿಂದ ತರುತ್ತಿದ್ದ ಎಂದು ಯೋಚಿಸತೊಡಗಿದಳು.

ಮರುದಿನ ಮುಂಜಾನೆ ಹೊಳೆಯ ದಂಡೆಗೆ ಹೋದಳು. ಬಲೆ ಬೀಸುವ ಮಹಬೂಬಸಾಬ ಹುಲಗಪ್ಪನ ಹಳೆಯ ಗೆಳೆಯ. ಕೇಳುವುದೇ ತಡ, ಅವನು ದೋಣಿಯ ಮೂಲೆಯಿಂದ ಒಂದು ಹರಕು ಬಲೆ ಎಳೆದು ತೋರಿಸಿದ. ಅದರ ಅಂಚಿಗೆ ಪೋಣಿಸಿದ್ದು ಸೀಸದ ಮಣಿಗಳು. ಬಲೆ ಹರಿದಾಗಲೆಲ್ಲ ಹುಲಗಪ್ಪ ಈ ಮಣಿ ಒಯ್ಯುತ್ತಿದ್ದನಂತೆ, ಬದಲಿಗೆ ಒಂದು ಪುಟ್ಟಿ ಗೋವಿನಜೋಳದ ತೆನೆ ಕೊಡುತ್ತಿದ್ದನಂತೆ. ಈ ಸಲ ಕೊಡಲು ತೆನೆ ಉಳಿದಿರಲಿಲ್ಲ. ಕರಿಯವ್ವ ತನ್ನ ಹೊಳೆಯುವ ಗುಂಡುಗಳ ಡಬ್ಬಿ ಮುಂದಿಟ್ಟಳು. ಅವನು ಒಂದನ್ನು ಕಲ್ಲಿಗೆ ತಿಕ್ಕಿ ನೋಡಿದ. ಹೊಳೆಯ ತಳದ ಕಲ್ಲಿಗೆ ಇವು ಸವೆಯುವುದಿಲ್ಲ, ತೂತು ಕೊರೆದು ಹೊಸ ಬಲೆಗೆ ಪೋಣಿಸುತ್ತೇನೆ ಎಂದು ಖುಷಿಪಟ್ಟ. ಹುಲಗಪ್ಪನ ಅಕ್ಷರಗಳು ಇನ್ನು ದಿನಾ ತುಂಗಭದ್ರೆಯಲ್ಲಿ ಮುಳುಗಿ ಏಳುತ್ತವೆ ಎಂದು ನೆನೆದು ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಉಳಿದ ಅರ್ಧ ಚೀಲವನ್ನು ಬಾಯಿ ಕಟ್ಟಿ ಮತ್ತೆ ಅಟ್ಟಕ್ಕೆ ಏರಿಸಿದಳು.

ಬಲೆಯ ಸೀಸ ಕರಗಲು ಮೊಳೆಗಿಂತ ಹೆಚ್ಚು ಉರಿ ಬೇಕಾಯಿತು. ಗುಂಡುಗಳು ಮಂಕಾಗಿ ಬೂದಿಬಣ್ಣದಲ್ಲಿ ಬಂದವು, ಥೇಟು ಗಂಡ ಮಾಡುತ್ತಿದ್ದಂತೆ. ಒಂದೊಂದಕ್ಕೂ ಹೆಬ್ಬೆರಳಿನ ಉಗುರು ಒತ್ತಿದಳು. ಗುರುತು ಮೂಡಿದವು ಹನ್ನೆರಡು. ಬಾಣಲೆಗೆ ಅಂಟಿದ್ದ ಮೊಳೆಯ ಪಾಲು ಸೇರಿ ಗಟ್ಟಿಯಾದ ನಾಲ್ಕನ್ನು ದೂರ ಇಟ್ಟಳು. ತಾನು ಪರೀಕ್ಷೆ ಪಾಸಾಗದಿದ್ದರೆ ತನ್ನ ಹೊಲಕ್ಕೆ ಮುಂದಿನ ವರ್ಷ ಸುದೀಪನ ಬುತ್ತಿ ಹೊತ್ತು ಬರಬೇಕೇ ಹೊರತು ಬಿತ್ತಲು ಬರುವಂತಿಲ್ಲ ಎಂಬುದನ್ನು ಅವಳು ಒಂದು ಗಳಿಗೆಯೂ ಮರೆತಿರಲಿಲ್ಲ.

ಮೂರನೆಯ ರವಿವಾರ ಅಧಿಕಾರಿಗಳೂ ಬಂದು ಕುರ್ಚಿಯಲ್ಲಿ ಕೂತರು. ಬಟ್ಟೆಯಲ್ಲಿ ಸುತ್ತಿದ ಗುಂಡು ಸಲಾಕೆಯ ಒಂದೇ ಒತ್ತಿಗೆ ನೆಟ್ಟಗೆ ಇಳಿಯಿತು. ಕೈಗೆ ಅದು ತಿಳಿದ ಕೂಡಲೇ ಅವಳ ಎದೆ ಹಗುರಾಯಿತು. ಮೊದಲ ಗುಂಡು ಕಪ್ಪಿನ ಅಂಚಿನೊಳಗೇ ಬಿತ್ತು. ಎರಡನೆಯದು ಎರಡು ಬೆರಳು ಹೊರಗೆ. ಮೂರನೆಯದು ಕಪ್ಪಿನ ನಡುವಿಗೆ.

ನಾಲ್ಕನೆಯದಕ್ಕೆ ಬಂದೂಕಿನ ಕುದುರೆ ಒತ್ತಿದಾಗ ಚಟ್ ಎಂದಿತು, ಹಾರಲಿಲ್ಲ. ಹಿಂದಿನಿಂದ ಸುದೀಪ, "ಕೊಡ ದೊಡ್ಡವ್ವ, ನಾ ನೋಡತೀನಿ" ಎನ್ನುತ್ತ ಮುಂದೆ ಬಂದ. ಕರಿಯವ್ವ ತಿರುಗಲಿಲ್ಲ. ಬಂದೂಕಿನ ಬಾಯಿ ಮಣ್ಣಿನ ಗೋಡೆಯ ಕಡೆಗೇ ಇಟ್ಟು, "ಅಲ್ಲೇ ನಿಲ್ಲು" ಎಂದಳು. ಹಾರದ ಬಂದೂಕು ಒಂದು ಗಳಿಗೆ ಬಿಟ್ಟು ಹಾರಿದರೂ ಹಾರೀತು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಒಂದು ನಿಮಿಷ, ಎರಡು ನಿಮಿಷ. ತೋಳು ನೋಯತೊಡಗಿತು, ಬೆವರು ಕಣ್ಣಿಗೆ ಇಳಿಯಿತು, ಬಂದೂಕು ಕದಲಲಿಲ್ಲ. ಸಾಹೇಬರು ಸಾಕು ಎಂದ ಮೇಲೆ ಕೇಪು ಬದಲಿಸಿ ಮತ್ತೆ ಗುರಿ ಹಿಡಿದಳು. ಅದು ಕಪ್ಪಿನ ಮೇಲ್ಗಡೆ ಗಾಳಿಗೆ ಹೋಯಿತು, ತೋಳು ಸೋತಿತ್ತು.

ಉಳಿದದ್ದು ಒಂದು. ಅವಳು ಬಂದೂಕು ಒರಗಿಸಿ, ತೋಳು ಒದರಿಕೊಂಡು, ಡಬ್ಬಿಯಿಂದ ಗುಂಡು ತೆಗೆದು ಮತ್ತೊಮ್ಮೆ ಉಗುರು ಒತ್ತಿ ನೋಡಿದಳು. ಯಾರೂ ಅವಸರ ಮಾಡಲಿಲ್ಲ. ಮದ್ದು, ಗುಂಡು, ಸಲಾಕೆ, ಕೇಪು. ಹೊಗೆ ಸರಿದಾಗ ಕಪ್ಪಿನಲ್ಲಿ ಮೂರು ತೂತು ಇದ್ದವು.

ಅಧಿಕಾರಿಗಳು ಕಾಗದದ ಮೇಲೆ ಬರೆಯುತ್ತ, ಮೂರು ಗುಂಡಿಗಿಂತ ಆ ಎರಡು ನಿಮಿಷಕ್ಕೇ ನಾನು ಪರವಾನಗಿ ಕೊಡುತ್ತಿದ್ದೆ ಎಂದರು. ಆಮೇಲೆ ಹೊನ್ನೇಶನ ಕಡೆ ಕಾಗದ ತಿರುಗಿಸಿದರು. ಅವನು ಸಹಿ ಮಾಡಿದ. ಕಿಸೆಯಲ್ಲಿದ್ದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಕೊಂಡ. ಆಡಿದ ಮಾತಿಗೆ ತಪ್ಪುವ ಮನುಷ್ಯನಲ್ಲ, ಇಷ್ಟು ಒಳ್ಳೆಯತನ ಅವನಲ್ಲಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅವನು ಅವಳ ಡಬ್ಬಿ ತೆರೆದು ಒಂದು ಗುಂಡು ಕೈಗೆ ತಗೊಂಡ. ಅದರ ಮೇಲಿನ ಉಗುರಿನ ಗುರುತನ್ನು ಬಹಳ ಹೊತ್ತು ನೋಡಿದ. "ಅಣ್ಣಾನೂ ಹಿಂಗ ಮಾಡತಿದ್ದ ವೈನಿ," ಎಂದ. ತೋಳಿನಿಂದ ಕಣ್ಣು ಒರೆಸಿಕೊಂಡ. ಅಣ್ಣ ಸತ್ತ ದಿನವೂ ಅವನು ಅತ್ತದ್ದನ್ನು ಕರಿಯವ್ವ ನೋಡಿರಲಿಲ್ಲ. ಅವಳಿಗೆ ಅವನ ಮೇಲಿದ್ದ ಸಿಟ್ಟೆಲ್ಲ ಆ ಹೊತ್ತಿಗೆ ಇಳಿದುಹೋಯಿತು.

"ಹೂಂ, ಮಾಡತಿದ್ದ," ಎಂದು ಅವನ ಕೈಯಿಂದ ಗುಂಡು ತಗೊಂಡು ಡಬ್ಬಿಗೆ ಹಾಕಿ ಮುಚ್ಚಿದಳು. "ಸೋಮವಾರ ಸುದೀಪನ್ನ ಕಳಸು. ಬಿತ್ತಾಕ ಹೊಲ ಹರಗೋದೈತಿ. ಕಾಯೂದು ನಾ ಕಾಯತೀನಿ."

"ಆತು ವೈನಿ," ಎಂದ ಹೊನ್ನೇಶ. ಮುಂಡರಗಿಯ ಬಸ್ಸು ಬಂತು. ಬೋರ್ಡು ಓದಿ ಕರಿಯವ್ವ ಮೊದಲು ಹತ್ತಿದಳು.