ನಮ್ಮನೆಯವರು

ಗಂಡಸರಿಬ್ಬರು ಕೂಡಿ ಬಾಳಿದರೆ ಅಪರಾಧವಲ್ಲ ಎಂದು ದೆಹಲಿಯ ಕೋರ್ಟು ತೀರ್ಪು ಕೊಟ್ಟ ವಾರ, ನಾನು ಕೂಟಗಲ್ ಹತ್ತಿರದ ನಮ್ಮೂರಿನಲ್ಲಿ ಅಕ್ಕನ ಮನೆಯಲ್ಲಿ ಕೂತು ಟಿ.ವಿ. ನೋಡುತ್ತಿದ್ದೆ. ಒಬ್ಬ ಸ್ವಾಮೀಜಿ, ಒಬ್ಬ ಮೌಲ್ವಿ, ಒಬ್ಬ ಪಾದ್ರಿ ಒಂದೇ ಸೋಫಾದಲ್ಲಿ ಕೂತಿದ್ದರು. ವರ್ಷವಿಡೀ ಒಬ್ಬರ ಮುಖ ಒಬ್ಬರಿಗಾಗದವರು ಅವತ್ತು ಮಾತ್ರ ಒಬ್ಬರ ಮಾತಿಗೊಬ್ಬರು ತಲೆಯಾಡಿಸುತ್ತಿದ್ದರು. 'ಇವತ್ತು ಇದು, ನಾಳೆ ಮದುವೆನೂ ಕೇಳ್ತಾರೆ' ಅಂದರು ಸ್ವಾಮೀಜಿ. ಕೇಳದೆ ಬಿಡ್ತೀವಾ ಸ್ವಾಮಿ, ಕೇಳೋದಕ್ಕೂ ನಿಮ್ಮ ಅಪ್ಪಣೆ ಬೇಕಾ ಎಂದುಕೊಂಡೆ. ಮೈಯೆಲ್ಲ ಉರಿಯುತ್ತಿತ್ತು.

ನನ್ನದು ಬಿಡದಿ ಕಡೆಯ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸ. ಮೈಸೂರು ರಸ್ತೆಯ ಉದ್ದಕ್ಕೂ ಹೊಲಗಳು ಶೆಡ್ಡುಗಳಾಗುತ್ತಿದ್ದ ಕಾಲ ಅದು. ನಾನು ಮೆಚ್ಚಿ ಜೊತೆಗಿದ್ದವನು ಚನ್ನಪಟ್ಟಣದ ಗೊಂಬೆ ಮಾಡುವವರ ಮನೆಯ ಮಗ. ಪ್ಲಾಸ್ಟಿಕ್ ಗೊಂಬೆಗಳು ಬಂದು ಮರದ ಗೊಂಬೆಯನ್ನು ಕೇಳುವವರಿಲ್ಲದಂತಾದಾಗ ನಮ್ಮ ಫ್ಯಾಕ್ಟರಿಗೆ ಬಂದ. ರಾಮನಗರದಲ್ಲಿ ಇಬ್ಬರೂ ಒಂದು ಮನೆ ಹಿಡಿದೆವು. ಫ್ಯಾಕ್ಟರಿ ಹುಡುಗರು ಒಟ್ಟಿಗಿರುವುದು ಅಲ್ಲಿ ಮಾಮೂಲು, ಯಾರೂ ಕೆದಕಲಿಲ್ಲ. ಬೆಳಿಗ್ಗೆ ಚಹಾ ಅವನದು, ರಾತ್ರಿ ಮುದ್ದೆ ನನ್ನದು. ಅವನು ಮುದ್ದೆ ತೊಳಸಿದರೆ ಬರೀ ಗಂಟು, ಬೈದರೆ ನಗುತ್ತಿದ್ದ. ಆ ಮನೆಯಲ್ಲಿ ನಾನು ಸುಖವಾಗಿದ್ದೆ.

ಅಕ್ಕನ ಕಿವಿಗೆ ಯಾರೋ ಏನೋ ಊದಿದ್ದರು. ಊರ ಬಾಯಿ ಮುಚ್ಚಿಸಲು ಅವಳು ಕಂಡುಕೊಂಡ ದಾರಿ ಎಂದರೆ ಮಗಳನ್ನು ನನಗೇ ಕೊಟ್ಟುಬಿಡುವುದು. ಅದಕ್ಕೇ ನನ್ನನ್ನು ಕರೆಸಿದ್ದಳು, ಊರಿನ ಯಜಮಾನರನ್ನೂ ಕರೆಸಿದ್ದಳು. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಸೋದರಮಾವನ ಹಕ್ಕು. ಅಷ್ಟು ಹತ್ತಿರದ ಸಂಬಂಧದಲ್ಲಿ ಮದುವೆ ಕೂಡದು ಎಂದು ಕಾನೂನಿನಲ್ಲಿದೆ, ಆದರೆ ರೂಢಿ ಇದ್ದವರಿಗೆ ಪರವಾಗಿಲ್ಲ ಎಂದೂ ಅದೇ ಕಾನೂನು ಹೇಳುತ್ತದೆ. ರೂಢಿಯ ಮುಂದೆ ಸಲೀಸಾಗಿ ಬಗ್ಗುವ ಕಾನೂನಿಗೆ ನಮ್ಮಂಥವರನ್ನು ಕಂಡರೆ ಮಾತ್ರ ಸೊಂಟ ಹಿಡಿದುಕೊಳ್ಳುತ್ತದೆ. ಹುಡುಗಿ ಡಿಗ್ರಿ ಓದುತ್ತಿದ್ದಳು. ಕಂಕುಳಲ್ಲಿ ಎತ್ತಿ ಆಡಿಸಿದ, ಮೂಗು ಒರೆಸಿದ ಮಗು ನನಗೆ. ಅಕ್ಕ ಹಿಡಿದಿದ್ದ ತಟ್ಟೆಯ ವೀಳ್ಯ ಮುಟ್ಟಿದರೆ ಮಾತು ಮುಗಿದಂತೆ. ಅವಳು ನನ್ನ ಹೆಂಡತಿ, ರಾಮನಗರದ ಮನೆಯಲ್ಲಿರುವವನು ಯಾರೂ ಅಲ್ಲ.

'ತಕಳ್ಲಾ' ಅಂದರು ಯಜಮಾನರು.

'ನಂಗೆ ಬ್ಯಾಡ. ನಾನು ಅವನ ಜೊತೆಗೇ ಬಾಳೋದು.'

'ಕೋರ್ಟ್ನೋರು ಏನಾರ ಯೋಳ್ಲಿ. ಗಂಡ್ಸು ಗಂಡ್ಸು ಬಾಳಾಟ ಮಾಡೋದ್ನ ಧರ್ಮ ಒಪ್ಪಾಕಿಲ್ಲ ಕಣ್ಲಾ.'

ಅಲ್ಲಿಗೆ ನನ್ನ ತಾಳ್ಮೆ ತೀರಿತು. ಮಳೆ ಕೈಕೊಟ್ಟ ವರ್ಷ ನಮ್ಮೂರಿನಲ್ಲಿ ಇಬ್ಬರು ಗಂಡುಹುಡುಗರಿಗೆ, ಒಬ್ಬನಿಗೆ ಸೀರೆ ಉಡಿಸಿ, ಶಾಸ್ತ್ರೋಕ್ತವಾಗಿ ಮದುವೆ ಮಾಡುತ್ತಾರೆ. ಹಿಂದಿನ ವರ್ಷ ಆ ಮದುವೆಗೆ ಮುಂದೆ ನಿಂತವರು ಇದೇ ಯಜಮಾನರು. ಬಾಸಿಂಗ, ವಾಲಗ, ಪಾನಕ, ಯಾವುದಕ್ಕೂ ಕೊರತೆಯಿರಲಿಲ್ಲ.

'ಹೋದ್ವರ್ಸ ಇಬ್ರು ಗಂಡೈಕ್ಳಿಗೆ ನೀವೇ ನಿಂತು ಧಾರೆ ಎರೆಸುದ್ರಲ್ಲ, ಅವತ್ತು ಎಲ್ಲೋಗಿತ್ತು ಧರ್ಮ?'

'ಅದು ಮಳೆಗೋಸ್ಕರ ಕಣ್ಲಾ.'

'ಮಳೆಗೋಸ್ಕರ ಆದ್ರೆ ದ್ಯಾವ್ರು ಒಲಿತಾನೆ, ನಮಗೋಸ್ಕರ ಆದ್ರೆ ಮುನಿತಾನಾ?'

ಯಜಮಾನರು ಹೆಗಲ ಟವೆಲ್ ಕೊಡವಿ ಇನ್ನೊಂದು ಹೆಗಲಿಗೆ ಹಾಕಿಕೊಂಡರು.

ಅಕ್ಕ ಸುಮ್ಮನಾಗಲಿಲ್ಲ. 'ಅದೆಲ್ಲ ಬುಡು. ಅವನು ನಿಂಗೆ ಏನಾಗ್ಬೇಕು? ಅದೊಂದು ಯೋಳು.'

ಮನೆ ಮಾಲೀಕರಿಗೆ ಸ್ನೇಹಿತ ಅಂದಿದ್ದೆ, ಅಂಗಡಿಯವರಿಗೆ ದೂರದ ನೆಂಟ ಅಂದಿದ್ದೆ. ಅಕ್ಕನ ಮುಂದೆ ನಾಲಿಗೆಗೆ ಬಂದದ್ದು ಅವಳದೇ ಮಾತು. ಅವಳು ಭಾವನ ಹೆಸರು ಹಿಡಿದವಳಲ್ಲ, ಯಾವಾಗಲೂ 'ನಮ್ಮನೆಯವರು'. ಭಾವನೂ ಅವಳನ್ನು ಹಾಗೇ ಅನ್ನುತ್ತಿದ್ದರು. ಗಂಡನಿಗೂ ಅದೇ, ಹೆಂಡತಿಗೂ ಅದೇ. ನಮ್ಮ ಜನ ಆ ಮಾತು ಕಟ್ಟುವಾಗ ಗಂಡೋ ಹೆಣ್ಣೋ ಎಂದು ನೋಡಿಯೇ ಇಲ್ಲ.

'ನಮ್ಮನೆಯವ್ರು' ಅಂದೆ.

ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅಕ್ಕ ತಟ್ಟೆಯನ್ನು ಒಳಗಿಟ್ಟು ಬಂದು, 'ಇನ್ಮ್ಯಾಕೆ ಈ ಹೊಸ್ಲು ತುಳೀಬ್ಯಾಡ' ಅಂದಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ. ಅಕ್ಕ ದೂರವಾದಳಲ್ಲ ಎಂದು ಅತ್ತೆನೇ ಹೊರತು, ಆಡಿದ್ದನ್ನು ನುಂಗಿಕೊಳ್ಳಬೇಕಿತ್ತು ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ.

ಮುಂದಿನ ವರ್ಷಗಳಲ್ಲಿ ದೆಹಲಿಯಲ್ಲಿ ನಮಗೆ ಕೊಟ್ಟದ್ದನ್ನು ಕಿತ್ತುಕೊಂಡರು, ಆಮೇಲೆ ಮತ್ತೆ ಕೊಟ್ಟರು. ಮದುವೆಯ ಹಕ್ಕಂತೂ ಇವತ್ತಿಗೂ ಇಲ್ಲ. ಇಲ್ಲದಿದ್ದರೆ ಇಲ್ಲ, ನಾವು ಅದಕ್ಕೆ ಕಾದು ಕೂತು ಬಾಳಿದವರಲ್ಲ.

ಆ ಜಗಳವಾದ ಮಾರನೆಯ ವರ್ಷವೇ ಅಕ್ಕನ ಮಗಳಿಗೆ ಅವಳೇ ಮೆಚ್ಚಿದ ಕನಕಪುರದ ಹುಡುಗನೊಂದಿಗೆ ಮದುವೆ ಗೊತ್ತಾಯಿತು. ಅಕ್ಕ ನನ್ನನ್ನು ಕರೆಯಲಿಲ್ಲ. ಮದುವೆಯ ದಿನ ಬೆಳಿಗ್ಗೆ ಹುಡುಗಿಯದೇ ಫೋನು. ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಎತ್ತಿಕೊಂಡು ಹೋಗಬೇಕಾದವನು ಸೋದರಮಾವ.

'ನೀನು ಎತ್ಕಂಡೋಗ್ದೆ ನಾನು ರೂಮಿಂದ ಆಚೆಗೆ ಬರಾಕಿಲ್ಲ ಮಾವ. ಒಬ್ನೇ ಬರ್ಬ್ಯಾಡ.'

ಬೈಕಿನಲ್ಲಿ ಇಬ್ಬರೂ ಹೋದೆವು. ಛತ್ರದ ಬಾಗಿಲಲ್ಲಿದ್ದ ಯಜಮಾನರು ಮುಖ ತಿರುಗಿಸಿದರು. ಅಕ್ಕ ನಮ್ಮಿಬ್ಬರನ್ನೂ ಒಮ್ಮೆ ನೋಡಿ, 'ಮೂರ್ತ ಮೀರ್ತಾ ಐತೆ' ಎಂದಷ್ಟೇ ಹೇಳಿ ದಾರಿ ಬಿಟ್ಟಳು. ಹುಡುಗಿಯನ್ನು ಎತ್ತಿಕೊಂಡೆ. ಒಳ್ಳೆ ಭಾರವಿದ್ದಳು, ರೇಷ್ಮೆ ಸೀರೆ ಬೇರೆ ಜಾರುತ್ತಿತ್ತು. ಅರ್ಧ ದಾರಿಯಲ್ಲಿ ನನ್ನ ತೋಳು ಸೋತಿತು.

'ಒಸಿ ಹಿಡ್ಕಳೋ' ಅಂದೆ ಅವನಿಗೆ.

'ಎಲ್ಲಾರೂ ನೋಡ್ತಾವ್ರೆ' ಎಂದು ಅವನು ಹಿಂದೆ ಸರಿದ.

ಹುಡುಗಿ ನನ್ನ ಕತ್ತಿನಿಂದ ಒಂದು ಕೈ ತೆಗೆದು ಅವನ ಹೆಗಲಿಗೆ ಹಾಕಿದಳು.

'ನೋಡ್ಲಿ ಬುಡಿ ಮಾವ' ಅಂದಳು. ಅಂದದ್ದು ನನಗಲ್ಲ, ಅವನಿಗೆ.