ಗೇಟಿನ ಹೊರಗೆ ನಿಂತು ಊರು ಆರಿಸಿದವಳು

ಅಣ್ಣಿಗೇರಿಯಲ್ಲಿ ನಮ್ಮ ಪಕ್ಕದ ಮನೆಯ ನರ್ಸಿಗೆ ಎರಡು ಊರಿನ ಆಸ್ಪತ್ರೆಗಳಿಂದ ಕೆಲಸದ ಕರೆ ಬಂದಿತ್ತು. ಒಂದು ಮಂಗಳೂರು, ಇನ್ನೊಂದು ಪುಣೆಯೋ ಕೊಲ್ಹಾಪುರವೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಗಂಡನಿಲ್ಲದ ಆಕೆ ಸಣ್ಣ ಮಗಳನ್ನು ಕರೆದುಕೊಂಡೇ ಹೋಗಬೇಕಿತ್ತು. ತಪ್ಪು ಊರು ಆರಿಸಿದರೆ ಮರಳಿ ಬರಲು ಇಲ್ಲಿ ಕೆಲಸವಿರಲಿಲ್ಲ.

ಯಾರು ಏನು ಕೇಳಿದರೂ "ತಡೀರಿ, ನೋಡೂಣು" ಎನ್ನುತ್ತಿದ್ದಳು. ಕೂಸನ್ನು ಸೊಂಟಕ್ಕೇರಿಸಿಕೊಂಡು ಎರಡೂ ಊರಿಗೆ ಹೋಗಿ, ಪಾಳಿ ಬಿಡುವ ಹೊತ್ತಿಗೆ ಆಸ್ಪತ್ರೆಯ ಗೇಟಿನ ಹೊರಗೆ ನಿಂತು ಬಂದಳು. ಕೆಲಸದ ಊರನ್ನು ಹಾಗೆ ತೂಗಿ ನೋಡಿದ ಬೇರೆ ಯಾರನ್ನೂ ನಾನು ಕಂಡಿಲ್ಲ.

"ಮಂಗಳೂರಾಗ ಪಗಾರ ಕಡಿಮಿ ಐತ್ರಿ," ಎಂದಳು ಮರಳಿ ಬಂದ ಮೇಲೆ, ಸೊಂಟದ ಮೇಲಿನ ಮಗಳನ್ನು ತೋರಿಸುತ್ತ. "ಆದ್ರ ಡ್ಯೂಟಿ ಮುಗಿಸಿ ಬಂದ ಒಬ್ಬಾಕಿ ಈಕಿನ್ನ ಎತ್ಕೊಂಡು ಆಡಿಸಿದ್ಲು. ಇನ್ನೊಂದೂರಾಗ ಯಾರೂ ತಲಿ ಎತ್ತಿ ನೋಡ್ಲಿಲ್ಲ."

"ಅಷ್ಟಕ್ಕ ಮಂಗಳೂರಿಗೆ ಹೊಂಟ್ರೇನ್ರಿ? ಅಗದಿ ಚಲೋ ಪರೀಕ್ಷಾ ಬಿಡ್ರಿ!" ಎಂದು ನಕ್ಕೆ.

"ದಿನಾ ಸಂಜಿಕೆ ಡ್ಯೂಟಿ ಮುಗಿಸಿ ಬಂದು ಈಕಿನ್ನ ಎತ್ಕೊಳ್ಳೋವಷ್ಟು ಕಸುವು ನನಗೂ ಉಳೀಬೇಕಲ್ರಿ, ಅಣ್ಣಾರ."